ಹತ್ತು ರೂಪಾಯಿ ಬಾಟ್ಲಿಯ ಸಿಹಿಯನ್ನು ಯಾರು ತೀರ್ಮಾನ ಮಾಡ್ತಾರೆ?

ಕೋಲಾ ಕಂಪನಿಗಳು ರೆಸಿಪಿ ಬದಲಿಸಲಿ ಅಂತ ಈ ದೇಶದ ಪ್ರಧಾನಿ ಕೇಳಿಕೊಂಡಿದ್ದು ನಮ್ಮ ತುಮಕೂರು ಜಿಲ್ಲೆಯ ನೆಲದಲ್ಲೇ. 2014ರ ಸೆಪ್ಟೆಂಬರ್ 24, ಮಂಗಳಯಾನ ಕಕ್ಷೆ ಸೇರಿದ ದಿನ. ಬೆಳಿಗ್ಗೆ ಬೆಂಗಳೂರಿನಲ್ಲಿ ಇಸ್ರೋ ವಿಜ್ಞಾನಿಗಳ ಜೊತೆಗಿದ್ದ ನರೇಂದ್ರ ಮೋದಿಯವರು ಆಮೇಲೆ ವಸಂತನರಸಾಪುರಕ್ಕೆ ಬಂದು ಫುಡ್ ಪಾರ್ಕ್ ಉದ್ಘಾಟಿಸಿದರು. ಪೆಪ್ಸಿ, ಕೋಕಾ ಕೋಲಾ ಥರದ ಕಂಪನಿಗಳು ತಮ್ಮ ಪಾನೀಯಕ್ಕೆ ಶೇ. 5ರಷ್ಟು ಹಣ್ಣಿನ ರಸ ಬೆರೆಸಿದರೂ ಸಾಕು, ರೈತರಿಗೆ ದೊಡ್ಡ ಮಾರುಕಟ್ಟೆ ಸಿಗುತ್ತೆ ಅನ್ನೋದು ಅವರ ಮಾತಿನ ಸಾರ. ಚಪ್ಪಾಳೆ ಬಿತ್ತು.

ಏಳು ವರ್ಷ ಕಳೆದ ಮೇಲೆ, 2021ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಏನು ಮಾಡ್ತು ಗೊತ್ತಾ? ಹಣ್ಣಿನ ರಸ ಹಾಕಿದ ಗ್ಯಾಸ್ ಪಾನೀಯಕ್ಕೂ ಕೋಲಾದ ದರವೇ ಅಂತ ತೀರ್ಮಾನಿಸಿತು. ಶೇ. 28 ತೆರಿಗೆ, ಅದರ ಮೇಲೆ ಶೇ. 12 ಸೆಸ್. ರಸ ಹಾಕಿದವನಿಗೂ ನಲವತ್ತು, ಹಾಕದವನಿಗೂ ನಲವತ್ತು. ಭಾಷಣ ಒಂದು ಕಡೆ ಎಳೆಯಿತು, ತೆರಿಗೆ ಇನ್ನೊಂದು ಕಡೆ. ಕಂಪನಿಗಳು ಯಾವುದನ್ನು ಕೇಳ್ತಾವೆ ಅಂತ ಹೇಳಬೇಕಾಗಿಲ್ಲ ಬಿಡಿ.

ಕೂಲ್ ಡ್ರಿಂಕ್ಸ್ ರೆಸಿಪಿ ಬದಲಾಗೋದು ಜನರ ನಾಲಿಗೆ ಬದಲಾದಾಗ ಅಂತ ನಾವು ಅಂದ್ಕೊಂಡಿರ್ತೀವಿ. ನನಗೆ ಕಂಡ ಮಟ್ಟಿಗೆ ಅದು ಬದಲಾಗೋದು ಲೆಕ್ಕ ಬದಲಾದಾಗ. ಅಮೆರಿಕದಲ್ಲಿ ಹೊರಗಿನ ಸಕ್ಕರೆಗೆ ಕೋಟಾ ಕಟ್ಟಿದ್ದರಿಂದ ಸಕ್ಕರೆ ದುಬಾರಿ, ಸರ್ಕಾರದ ಸಹಾಯಧನದಲ್ಲಿ ಬೆಳೆದ ಮೆಕ್ಕೆಜೋಳದ ಪಾಕ ಅಗ್ಗ. ಅದಕ್ಕೇ ಕೋಕಾ ಕೋಲಾ 1980ರಲ್ಲಿ ಅರ್ಧ, 1984ರ ಹೊತ್ತಿಗೆ ಪೂರ್ತಿ ಜೋಳದ ಪಾಕಕ್ಕೆ ಬದಲಾಯಿತು. 2025ರ ಜುಲೈನಲ್ಲಿ ಟ್ರಂಪ್ ಕಬ್ಬಿನ ಸಕ್ಕರೆ ವಾಪಸ್ ತರಿಸ್ತೀನಿ ಅಂದಾಗ ಮೊದಲು ಗಾಬರಿಯಾದವರು ಅಲ್ಲಿನ ಜೋಳದ ಲಾಬಿಯವರೇ.

ಬ್ರಿಟನ್‌ನದು ಇನ್ನೂ ಸ್ಪಷ್ಟ. 100 ಮಿಲಿಲೀಟರಿಗೆ 5 ಗ್ರಾಂ ಸಕ್ಕರೆ ಮುಟ್ಟಿದರೆ ಲೀಟರಿಗೆ 18 ಪೆನ್ಸ್, 8 ಗ್ರಾಂ ಮುಟ್ಟಿದರೆ 24 ಪೆನ್ಸ್ ತೆರಿಗೆ ಅಂತ 2016ರಲ್ಲೇ ಘೋಷಿಸಿ, 2018ರ ಏಪ್ರಿಲ್‌ನಿಂದ ಜಾರಿಗೆ ತಂದರು. ಸ್ಕಾಟ್ಲೆಂಡಿನ ಜನ ಪ್ರಾಣ ಬಿಡುವ ಐರ್ನ್-ಬ್ರೂ ಅನ್ನೋ ಪಾನೀಯದಲ್ಲಿದ್ದ 10.3 ಗ್ರಾಂ ಸಕ್ಕರೆ 2018ರ ಜನವರಿಯಲ್ಲೇ 4.7ಕ್ಕೆ ಇಳಿಯಿತು. ಉಳಿದ ಸಿಹಿ ಕೃತಕ ಸಿಹಿಕಾರಕದ್ದು. ಜನ ಸಿಟ್ಟಾದರು, ಹಳೇ ಬಾಟ್ಲಿಗಳನ್ನು ಮನೆಯಲ್ಲಿ ಪೇರಿಸಿಟ್ಟುಕೊಂಡರು. ಮಾಮೂಲಿ ಐರ್ನ್-ಬ್ರೂ ಮಾತ್ರ ಮತ್ತೆ ಐದರ ಗೆರೆ ದಾಟಲಿಲ್ಲ.

ಈಗ ನಮ್ಮ ಕಡೆ ಬನ್ನಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಬಸ್ ಸ್ಟ್ಯಾಂಡಿನ ಯಾವ ಅಂಗಡಿಯ ಫ್ರಿಜ್ಜಿನಲ್ಲಾದರೂ ಹತ್ತು ರೂಪಾಯಿಯ ಚಿಕ್ಕ ಬಾಟ್ಲಿಗಳ ಸಾಲಿದೆ. ರಿಲಯನ್ಸ್‌ನವರು 2023ರಲ್ಲಿ ಕ್ಯಾಂಪಾವನ್ನು ಮತ್ತೆ ಮಾರುಕಟ್ಟೆಗೆ ತಂದು 200 ಮಿ.ಲೀ.ಗೆ ಹತ್ತು ರೂಪಾಯಿ ಇಟ್ಟ ಮೇಲೆ ಶುರುವಾದ ಯುದ್ಧ ಇದು. ಆ ಬಾಟ್ಲಿಯ ಲೆಕ್ಕ ಹಾಕೋಣ. ಮಾಮೂಲಿ ಕೋಲಾದಲ್ಲಿ 100 ಮಿ.ಲೀ.ಗೆ ಸುಮಾರು 10 ಗ್ರಾಂ ಸಕ್ಕರೆ, ಅಂದ್ರೆ ಬಾಟ್ಲಿಗೆ 20 ಗ್ರಾಂ, ನಾಲ್ಕೈದು ಚಮಚ. ಸಕ್ಕರೆ ಕೆಜಿಗೆ 40 ರೂಪಾಯಿ ಅಂತಿಟ್ಟುಕೊಂಡರೆ 80 ಪೈಸೆ. ಅಷ್ಟೇ ಸಿಹಿಯನ್ನು ಸುಕ್ರಲೋಸ್‌ನಿಂದ ತರಬೇಕಂದ್ರೆ, ಅದು ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ, 33 ಮಿಲಿಗ್ರಾಂ ಸಾಕು. ಖರ್ಚು ಕೆಲವೇ ಪೈಸೆ. ಹತ್ತು ರೂಪಾಯಿಯ ಮೇಲೆ ಹೋಗೋಕಾಗದ ಕಂಪನಿಗೆ ಈ ಪೈಸೆಗಳೇ ಲಾಭ. ಶುಗರ್ ಇಲ್ಲದ ಕೋಲಾ ಕೂಡ ಹತ್ತು ರೂಪಾಯಿ ಬಾಟ್ಲಿಗೆ ಇಳಿದಿರೋದು ಬರೀ ನಮ್ಮ ಆರೋಗ್ಯದ ಕಾಳಜಿಯಿಂದ ಅಂತ ನಾನಂತೂ ನಂಬಲ್ಲ. (ಬಾಟ್ಲಿಯ ಹಿಂದಿನ ಸಣ್ಣಕ್ಷರದಲ್ಲಿ 950, 951, 955 ಅನ್ನೋ ಸಂಖ್ಯೆ ಇದ್ದರೆ ಕ್ರಮವಾಗಿ ಅಸೆಸಲ್ಫೇಮ್, ಆಸ್ಪರ್ಟೇಮ್, ಸುಕ್ರಲೋಸ್ ಅಂತ ತಿಳ್ಕೊಳ್ಳಿ. ಆಸ್ಪರ್ಟೇಮ್ ಬಿಸಿಲಿಗೆ ಬೇಗ ಕೆಡುತ್ತೆ, ಅದಕ್ಕೇ ಎರಡು ಮೂರು ಸೇರಿಸಿ ಹಾಕೋದು.)

ತೆರಿಗೆ? 2025ರ ಸೆಪ್ಟೆಂಬರ್ 22ರಿಂದ ಸೆಸ್ ಹೋಗಿ ನೇರವಾಗಿ ಶೇ. 40. ಕಾನೂನಿನ ಭಾಷೆ ನೋಡಿ: ಸಕ್ಕರೆಯೋ, ಬೇರೆ ಸಿಹಿಕಾರಕವೋ, ಬರೀ ಫ್ಲೇವರೋ, ಏನು ಸೇರಿಸಿದ್ದರೂ ಒಂದೇ ದರ. ಹತ್ತು ರೂಪಾಯಿಯಲ್ಲಿ ಸುಮಾರು 2 ರೂಪಾಯಿ 86 ಪೈಸೆ ತೆರಿಗೆ, 20 ಗ್ರಾಂ ಸಕ್ಕರೆ ಇದ್ದರೂ ಅಷ್ಟೇ, ಸೊನ್ನೆ ಇದ್ದರೂ ಅಷ್ಟೇ. ಅದೇ ದಿನ ಗ್ಯಾಸಿಲ್ಲದ ಹಣ್ಣಿನ ಪಾನೀಯಗಳ ತೆರಿಗೆ 12ರಿಂದ 5ಕ್ಕೆ ಇಳಿಯಿತು. ಮಾವಿನ ಹೆಸರಲ್ಲಿ ಮಾರುವ ಆ ಹಳದಿ ಬಾಟ್ಲಿಗಳಲ್ಲಿ ಸಕ್ಕರೆ ಕೋಲಾದಷ್ಟೇ ಇರುತ್ತೆ, ಲೇಬಲ್ ಓದಿ ನೋಡಿ. ಪ್ಯಾಕ್ ಮಾಡಿದ ಎಳನೀರಿಗೂ 12ರಿಂದ 5. ಅಂದ್ರೆ ಸಕ್ಕರೆ ಸುರಿದ ಮಾವಿನ ಪಾನೀಯ, ಏನೂ ಸುರಿಯದ ಎಳನೀರು, ಎರಡೂ ಸರ್ಕಾರದ ಕಣ್ಣಲ್ಲಿ ಒಂದೇ. ನಮ್ಮ ತೆರಿಗೆ ಗುಳ್ಳೆ ಎಣಿಸುತ್ತೆ, ಸಕ್ಕರೆ ಎಣಿಸೋದಿಲ್ಲ.

ತೆಂಗಿನ ಸೀಮೆಯಲ್ಲಿ ಎಳನೀರು ಬಿಟ್ಟು ಬಾಟ್ಲಿ ಕುಡಿಯೋದಾ ಅಂತ ಹೊರಗಿನವರು ನಗ್ತಾರೆ. ಅವರಿಗೆ ಗೊತ್ತಿಲ್ಲ, ನಮ್ಮದು ನೀರನ್ನು ಒಣಗಿಸಿ ದುಡ್ಡು ಮಾಡುವ ಸೀಮೆ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು-ಹನ್ನೆರಡು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿ ಆಗುತ್ತೆ. ಎಳನೀರಿನ ಮಾರುಕಟ್ಟೆ ಮದ್ದೂರಿನದು, ನಮ್ಮದು ತಿಪಟೂರು ಎಪಿಎಂಸಿಯ ಕೊಬ್ಬರಿ. 2023ರಲ್ಲಿ ಬೆಂಬಲ ಬೆಲೆ 11,750 ಇದ್ದಾಗ ಕ್ವಿಂಟಾಲ್ ಕೊಬ್ಬರಿ ಎಂಟು ಸಾವಿರದ ಆಸುಪಾಸಿಗೆ ಕುಸಿದು ರೈತರು ಬೀದಿಗಿಳಿದರು. 2025ರಲ್ಲಿ ಅದೇ ಕೊಬ್ಬರಿ 20 ಸಾವಿರ ದಾಟಿತು. ಬಿಳಿನೊಣ, ಕಪ್ಪುತಲೆ ಹುಳು, ರಸ ಸೋರುವ ರೋಗದಿಂದ ಮರದಲ್ಲಿ ಕಾಯೇ ಇಲ್ಲದಿದ್ದಾಗ ಬಂದ ಬೆಲೆ ಅದು. ಇಂಥ ಹೊತ್ತಲ್ಲಿ ಬಂದ ನೆಂಟರಿಗೆ ಅಂತ ನಾಲ್ಕು ಎಳನೀರು ಕೆಡವೋಕೆ ಯಾರಿಗೆ ಮನಸ್ಸು ಬರುತ್ತೆ? ಮರ ಹತ್ತೋರೂ ಸಿಗಲ್ಲ. ಎರಡು ಲೀಟರ್ ಬಾಟ್ಲಿ ತರಿಸಿ ಲೋಟಕ್ಕೆ ಬಗ್ಗಿಸೋದೇ ಸಲೀಸು.

ಮರದಲ್ಲಿ ಇನ್ನೊಂದು ಸಿಹಿಯೂ ಇದೆ, ನೀರಾ. ಅದನ್ನು ನೋಡಿಕೊಳ್ಳೋದು ಅಬಕಾರಿ ಇಲಾಖೆ, ಸಾರಾಯಿಯ ಸಾಲಿನಲ್ಲಿ. ನುಸಿ ರೋಗ ತೋಟಗಳನ್ನು ತಿಂದಾಗ ನೀರಾ ಇಳಿಸೋಕೆ ಬಿಡಿ ಅಂತ ಹೋರಾಟ ನಡೆದು, 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಗೋಲಿಬಾರ್ ಆಗಿ ಇಬ್ಬರು ಸತ್ತರು. ಅನುಮತಿಗೆ ಅಲ್ಲಿಂದ ಒಂದೂವರೆ ದಶಕ ಹಿಡಿಯಿತು. ಹುಳಿಯಾಗದಂತೆ ತಂಪಾಗಿ ನೀರಾ ಇಳಿಸುವ ವಿಧಾನ ಕಾಸರಗೋಡಿನ ಸಿಪಿಸಿಆರ್‌ಐನಲ್ಲಿ ಸಿದ್ಧವಿದೆ. ನೀರಾದಲ್ಲೂ ಸಕ್ಕರೆ ಇದೆ, ಅದನ್ನು ಅಮೃತ ಅಂತ ಮಾರುವವರ ಮಾತು ನನಗೆ ಒಪ್ಪಿಗೆಯಿಲ್ಲ. ಆದರೆ ಜೋಳದ ರೈತನಿಗಾಗಿ ಅಮೆರಿಕ ಕೋಲಾದ ಲೆಕ್ಕವನ್ನೇ ಬದಲಿಸುವಾಗ, ನಮ್ಮ ತೆಂಗಿನ ಸಿಹಿಗೆ ಸಿಕ್ಕಿದ್ದು ಲಾಠಿ, ಲೈಸೆನ್ಸು.

ಹಾಗಂತ ಬ್ರಿಟನ್ನಿನದನ್ನು ಹಾಗೇ ತಂದರೂ ಮುಗಿಯಲ್ಲ. ಸಕ್ಕರೆ ಬಿಟ್ಟು ಸುಕ್ರಲೋಸ್‌ಗೆ ಹೋಗ್ತಾರೆ, ಅಷ್ಟೇ. ತೂಕ ಇಳಿಸೋಕೆ ಕೃತಕ ಸಿಹಿಕಾರಕ ಬಳಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಮೇನಲ್ಲೇ ಹೇಳಿದೆ. ಗ್ರಾಂ ಲೆಕ್ಕದ ತೆರಿಗೆ ಜೊತೆಗೆ ಬಾಟ್ಲಿಯ ಮುಂಭಾಗದಲ್ಲೇ ದೊಡ್ಡಕ್ಷರದ ಎಚ್ಚರಿಕೆ ಬೇಕು. ಅದರ ಕರಡನ್ನು ಎಫ್‌ಎಸ್‌ಎಸ್‌ಎಐ ಹೊರಡಿಸಿದ್ದು 2022ರಲ್ಲಿ. ಅದೂ ಎಚ್ಚರಿಕೆಯಲ್ಲ, ನಕ್ಷತ್ರ ಕೊಡುವ ಯೋಜನೆ. ಮೂರು ತಿಂಗಳಲ್ಲಿ ತೀರ್ಮಾನಕ್ಕೆ ಬನ್ನಿ ಅಂತ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕದ ಪರ ಮಾತಾಡುತ್ತಾ ಬಂದವರು ಸಚಿವ ಕೃಷ್ಣ ಬೈರೇಗೌಡರು. 2025ರಲ್ಲಿ ಅವರ ವಾದವೆಲ್ಲ ರಾಜ್ಯಕ್ಕಾಗುವ ಆದಾಯ ನಷ್ಟದ ಸುತ್ತ ಇತ್ತು, ಅದು ನ್ಯಾಯವೇ. ನಮ್ಮ ಮೂರು ತಾಲ್ಲೂಕಿನ ಸಂಸದ ವಿ. ಸೋಮಣ್ಣನವರು ಕೇಂದ್ರದಲ್ಲಿ ಮಂತ್ರಿ. ಎಳನೀರಿಗೂ ಸಕ್ಕರೆ ಪಾನಕಕ್ಕೂ ಒಂದೇ ಶೇ. 5 ಯಾಕೆ ಅಂತ ಈ ಇಬ್ಬರಲ್ಲಿ ಒಬ್ಬರನ್ನಾದರೂ ಕೊಬ್ಬರಿ ಹರಾಜಿನ ದಿನ ತಿಪಟೂರಿನಲ್ಲಿ ನಿಲ್ಲಿಸಿ ಕೇಳಬೇಕು.