ಗೊರಕೆಗೆ ಸಾಕ್ಷಿ ಪಕ್ಕದಲ್ಲಿ ಮಲಗಿದವರು

ನಮ್ಮ ಕಡೆ ಗೊರಕೆ ಎಂದರೆ ನಗು. ‘ಮಾವ ಗೊರಕಿ ಹೊಡೆದ್ರ ಮಾಳಿಗಿ ನಡಗತೈತಿ’ ಎಂದು ಚೇಷ್ಟೆ ಮಾಡುತ್ತೇವೆ. ಇಲ್ಲವೇ ‘ದುಡದು ದಣದಾನ, ಚಲೋ ನಿದ್ದಿ ಹತ್ತೈತಿ’ ಎಂದು ಸಮಾಧಾನಪಡುತ್ತೇವೆ. ಎಲ್ಲ ಗೊರಕೆಯೂ ಕಾಯಿಲೆಯಲ್ಲ, ನಿಜ. ಆದರೆ ಗೊರಕೆ ತಟ್ಟನೆ ನಿಂತು, ಸ್ವಲ್ಪ ಹೊತ್ತು ಉಸಿರೇ ಇಲ್ಲದೆ, ಆಮೇಲೆ ಗಕ್ಕನೆ ಉಸಿರೆಳೆದುಕೊಂಡರೆ ಅದು ನಗುವ ಮಾತಲ್ಲ. ವೈದ್ಯರು ಇದನ್ನು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ.

ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲಾಗಿ ಉಸಿರಿನ ದಾರಿ ಮುಚ್ಚುತ್ತದೆ. 10 ಸೆಕೆಂಡು, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಉಸಿರು ಕಟ್ಟುತ್ತದೆ. ಮಿದುಳು ಎಚ್ಚರಿಸಿದಾಗ ಮತ್ತೆ ಉಸಿರು ಬರುತ್ತದೆ. ಗಂಟೆಗೆ 30ಕ್ಕಿಂತ ಹೆಚ್ಚು ಸಲ ಹೀಗಾದರೆ ಕಾಯಿಲೆ ತೀವ್ರವಾಗಿದೆ ಎಂದರ್ಥ. ಬೆಳಗ್ಗೆ ತಲೆನೋವು, ಹಗಲೆಲ್ಲ ತೂಕಡಿಕೆ, ಇಳಿಯದ ಬಿಪಿ ಇದರ ಗುರುತು. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯವೂ ಹೆಚ್ಚು. 2022ರಲ್ಲಿ ಗಾಯಕ ಬಪ್ಪಿ ಲಹಿರಿ ತೀರಿಕೊಂಡಾಗ ವೈದ್ಯರು ಹೇಳಿದ ಕಾರಣ ಇದೇ ಕಾಯಿಲೆ.

ತೂಕಡಿಕೆಯಿಂದ ಮಗ್ಗದ ಮುಂದೆ ಕುಳಿತವರಿಗೆ ಎಳೆ ತಪ್ಪಬಹುದು. ಆದರೆ ಇಳಕಲ್, ಹುನಗುಂದ ದಾಟುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಗ್ರಾನೈಟ್ ಲಾರಿ ಓಡಿಸುವವರಿಗೆ ಒಂದು ಕ್ಷಣ ಕಣ್ಣು ಮುಚ್ಚಿದರೂ ಜೀವ ಹೋಗುತ್ತದೆ, ಎದುರಿನವರದ್ದೂ.

ಸಮಸ್ಯೆ ಎಂದರೆ, ಈ ಕಾಯಿಲೆ ಇದ್ದವರಿಗೇ ಅದು ಗೊತ್ತಾಗುವುದಿಲ್ಲ. ನೋಡಿದವರು ಪಕ್ಕದಲ್ಲಿ ಮಲಗಿದ ಹೆಂಡತಿ ಅಥವಾ ಮಗ. ಅವರನ್ನು ಯಾರೂ ಕೇಳುವುದಿಲ್ಲ. ಹೆಣ್ಣುಮಕ್ಕಳಿಗೂ ಈ ಕಾಯಿಲೆ ಬರುತ್ತದೆ, ಮುಟ್ಟು ನಿಂತ ಮೇಲೆ ಇನ್ನೂ ಹೆಚ್ಚು. ನಾಚಿಕೆಯಿಂದ ಅವರು ಬಾಯಿ ಬಿಡುವುದಿಲ್ಲ.

ಅದಕ್ಕೇ ನಾವು ಹೇಳುವುದು ಇಷ್ಟು: ಊರೂರಲ್ಲಿ 30 ವರ್ಷ ದಾಟಿದವರ ಬಿಪಿ, ಶುಗರ್ ನೋಡುವಾಗ ಮನೆಯವರಿಗೆ ಎರಡು ಪ್ರಶ್ನೆ ಕೇಳಲಿ. ಜೋರು ಗೊರಕೆ ಇದೆಯಾ? ನಡುವೆ ಉಸಿರು ನಿಲ್ಲುತ್ತದಾ? ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಭಾರಿ ವಾಹನದ ಲೈಸೆನ್ಸಿಗೆ ಸರ್ಟಿಫಿಕೇಟ್ ಕೊಡುವ ವೈದ್ಯರೂ ಇದನ್ನು ಕೇಳಲಿ. ಕೆಲಸ ಹೋದೀತು ಎಂದು ಚಾಲಕರು ಹೆದರಬೇಕಿಲ್ಲ. ಬ್ರಿಟನ್ನಿನಲ್ಲಿ ಇಂಥ ಚಾಲಕರು ಲೈಸೆನ್ಸ್ ಕಚೇರಿಗೆ ತಿಳಿಸಬೇಕು; ಕಾಯಿಲೆ ಹತೋಟಿಗೆ ಬಂದರೆ ಮತ್ತೆ ಗಾಡಿ ಓಡಿಸಬಹುದು. ನಮ್ಮಲ್ಲೂ ಹಾಗೇ ಆಗಲಿ.

ಚಿಕಿತ್ಸೆ ಇದೆ. ಒಂದು ರಾತ್ರಿಯ ನಿದ್ದೆ ಪರೀಕ್ಷೆಯಲ್ಲಿ ಕಾಯಿಲೆ ಗೊತ್ತಾಗುತ್ತದೆ. ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಸಾರಾಯಿ ಬಿಡುವುದು ಮೊದಲ ಹೆಜ್ಜೆ. ವೈದ್ಯರನ್ನು ಕೇಳದೆ ನಿದ್ದೆ ಗುಳಿಗೆ ನುಂಗಬೇಡಿ. ಕಾಯಿಲೆ ಜೋರಿದ್ದರೆ ಸಿಪ್ಯಾಪ್ ಯಂತ್ರ ಬೇಕು. ಮುಖಕ್ಕೆ ಕಟ್ಟಿದ ಮಾಸ್ಕಿನಿಂದ ಗಾಳಿ ಒತ್ತಿ ಗಂಟಲು ತೆರೆದಿಡುತ್ತದೆ. 1981ರಲ್ಲಿ ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲ್ಲಿವನ್ ಇದನ್ನು ಜಗತ್ತಿಗೆ ತೋರಿಸಿದರು. ಬೆಲೆ ಮಾತ್ರ ಹತ್ತಾರು ಸಾವಿರ ರೂಪಾಯಿ. ಬಡವರಿಗೆ ಸರ್ಕಾರಿ ಆಸ್ಪತ್ರೆಯಿಂದ ಇದನ್ನು ಎರವಲು ಕೊಡಬೇಕು. ಮನೆಗೆ ಒಯ್ಯುವ ಪರೀಕ್ಷಾ ಯಂತ್ರ ಬಾದಾಮಿ, ಹುನಗುಂದ, ಇಳಕಲ್ಲಿನಲ್ಲೇ ಸಿಗಬೇಕು.

ಅಲ್ಲಿಯವರೆಗೆ ನಿಮ್ಮ ಕೈಯಲ್ಲಿ ಫೋನ್ ಇದೆ. ಮನೆಯಲ್ಲಿ ಯಾರಿಗಾದರೂ ಹೀಗಾಗುತ್ತಿದ್ದರೆ ಇಂದು ರಾತ್ರಿ ಎರಡು ನಿಮಿಷ ವಿಡಿಯೋ ಮಾಡಿ. ಗ್ರೂಪಿಗೆ ಹಾಕಿ ನಗಬೇಡಿ, ವೈದ್ಯರಿಗೆ ತೋರಿಸಿ. ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲು ವಿಭಾಗವಿದೆ, ಅಲ್ಲಿ ವಿಚಾರಿಸಿ. ಹೋಗುವಾಗ ಪಕ್ಕದಲ್ಲಿ ಮಲಗುವವರೂ ಜೊತೆಗೆ ಹೋಗಿ.