ಪ್ರೋಟೀನ್ ಪುಡಿ ‘ಜೀವಕೋಶದ ಗೋಡೆ’ ಸೇರುತ್ತದೆಯೇ? ಲೆಕ್ಕ ಹೇಳುವುದೇನು?

“ಈ ಪುಡಿಯ ಪ್ರೋಟೀನ್ ನೇರವಾಗಿ ಜೀವಕೋಶದ ಗೋಡೆ ಸೇರಿ ಅದನ್ನು ಗಟ್ಟಿಮಾಡುತ್ತದೆ, ಕೊಲೆಸ್ಟರಾಲ್ ಮಾತ್ರೆಯೇ ಬೇಡ.” ಇಂಥ ಸಂದೇಶ ವಾಟ್ಸಾಪ್‌ಗೆ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ.

ಗೋಡೆಯಲ್ಲ, ಪೊರೆ

ಸಸ್ಯಕೋಶಗಳಿಗೆ ಗೋಡೆ ಇದೆ, ನಮ್ಮ ಕೋಶಗಳಿಗೆ ಇಲ್ಲ. ನಮ್ಮ ಕೋಶದ ಸುತ್ತ ಇರುವುದು ಸುಮಾರು 5 ನ್ಯಾನೊಮೀಟರ್ ದಪ್ಪದ, ಎಣ್ಣೆಯಂತೆ ಹರಿದಾಡುವ ಕೊಬ್ಬಿನ ಪೊರೆ. ಅದು ಬಾಗಬೇಕು. ಪೊರೆ ಒಳಕ್ಕೆ ಬಾಗಿ ಪುಟ್ಟ ಚೀಲವಾಗಿ ಕಳಚಿಕೊಂಡಾಗಲೇ ರಕ್ತದ ಎಲ್‌ಡಿಎಲ್ ಕೊಲೆಸ್ಟರಾಲ್ ಕೋಶದೊಳಗೆ ಹೋಗುತ್ತದೆ.

ಬಾಗಿಸುವವರು ಯಾರು?

ದರೋಜಿ, ಕಂಪ್ಲಿ, ಹಂಪಿ ಕಡೆಯವರಿಗೆ ತುಂಗಭದ್ರೆಯ ಹರಿಗೋಲು ಗೊತ್ತೇ ಇದೆ. ಹಿಂದೆ ಚರ್ಮ, ಈಗ ಪ್ಲಾಸ್ಟಿಕ್ ಹಾಳೆ; ಹೊದಿಕೆ ಯಾವುದಾದರೂ ಆಕಾರ ಕೊಡುವುದು ಬಿದಿರಿನ ಹೆಣಿಗೆ. ಪೊರೆಯ ಮೇಲೆ ಕ್ಲ್ಯಾಥ್ರಿನ್ ಎಂಬ ಪ್ರೋಟೀನ್ ಹೀಗೇ ಬುಟ್ಟಿಯಾಗಿ ಜೋಡಿಕೊಳ್ಳುತ್ತದೆ.

1973ರಲ್ಲಿ ಜರ್ಮನಿಯ ಭೌತವಿಜ್ಞಾನಿ ವೋಲ್ಫ್‌ಗಾಂಗ್ ಹೆಲ್ಫ್ರಿಶ್ ಪೊರೆ ಬಾಗಿಸಲು ಬೇಕಾದ ಶಕ್ತಿಗೆ ಸೂತ್ರ ಕೊಟ್ಟರು. ಅದರ ಸರಳ ಲೆಕ್ಕದಂತೆ, ಚಪ್ಪಟೆ ಪೊರೆಯಿಂದ ಒಂದು ದುಂಡು ಚೀಲವಾಗಲು ಅಣುಗಳ ಸಹಜ ಕುಲುಕಾಟದ ಶಕ್ತಿಯ ಸುಮಾರು 500 ಪಟ್ಟು ಬೇಕು. ಅಂದರೆ ಚೀಲ ತಾನಾಗಿ ಆಗದು, ಪ್ರೋಟೀನ್‌ಗಳ ನೆರವು ಬೇಕು.

ಬರೀ ಲೆಕ್ಕ ತಾನೇ?

ಲೆಕ್ಕವನ್ನು ಪ್ರಯೋಗ ಪರೀಕ್ಷಿಸುತ್ತದೆ. 1999ರಲ್ಲಿ ಪ್ಯಾರಿಸ್‌ನ ತಂಡವೊಂದು, ಬೆಳಕಿನಿಂದ ನಡೆಯುವ ಪ್ರೋಟೀನ್ ಪಂಪ್‌ಗಳಿರುವ ಪೊರೆಯ ಮೇಲೆ ಬೆಳಕು ಬಿಟ್ಟಿತು. ಪೊರೆಯ ಅಲುಗಾಟ ಹೆಚ್ಚಿತು. ಇದನ್ನು ವಿವರಿಸಲು ಹಳೆಯ ಸೂತ್ರವೊಂದೇ ಸಾಲದು. 2000ದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀರಾಮ್ ರಾಮಸ್ವಾಮಿ, ಜಾನ್ ಟೋನರ್ ಮತ್ತು ಪ್ಯಾರಿಸ್ ತಂಡದ ಜಾಕ್ ಪ್ರೊಸ್ಟ್ ಜೊತೆಗೂಡಿ, ಶಕ್ತಿ ಖರ್ಚುಮಾಡಿ ದುಡಿಯುವ ಇಂಥ ಪ್ರೋಟೀನ್‌ಗಳನ್ನೂ ಲೆಕ್ಕಕ್ಕೆ ತಂದ ಮಾದರಿ ಪ್ರಕಟಿಸಿದರು. ವಿಜ್ಞಾನದ ಮಾದರಿ ಹೀಗೆ ತಿದ್ದಿಸಿಕೊಳ್ಳುತ್ತದೆ; ಫಾರ್ವರ್ಡ್ ತಿದ್ದಿಸಿಕೊಳ್ಳುವುದಿಲ್ಲ.

ಹಾಗಾದರೆ ಪುಡಿ?

ತಿಂದ ಪ್ರೋಟೀನ್ ಹೊಟ್ಟೆ, ಕರುಳಿನಲ್ಲಿ ಒಡೆದು ಬಹುಪಾಲು ಅಮೈನೋ ಆಮ್ಲವಾಗುತ್ತದೆ. ಬೇಳೆ, ಶೇಂಗಾ, ಮೊಟ್ಟೆ, ಪುಡಿ ಎಲ್ಲದರ ಕಥೆಯೂ ಇದೇ. ಕ್ಲ್ಯಾಥ್ರಿನ್‌ನಂಥ ಪ್ರೋಟೀನ್‌ಗಳನ್ನು ಕೋಶ ತನ್ನ ಜೀನ್‌ಗಳ ಸೂಚನೆಯಂತೆ ತಾನೇ ಕಟ್ಟಿಕೊಳ್ಳುತ್ತದೆ. ಎಲ್‌ಡಿಎಲ್ ಹಿಡಿಯುವ ಪ್ರೋಟೀನ್‌ನಲ್ಲಿ ಕೆಲವರಿಗೆ ಹುಟ್ಟಿನಿಂದಲೇ ದೋಷವಿರುತ್ತದೆ. ದೋಷ ಜೀನ್‌ನಲ್ಲಿರುವುದರಿಂದ ಯಾವ ಪುಡಿಯೂ ಅದನ್ನು ಸರಿಪಡಿಸದು.

ನಮ್ಮ ತೀರ್ಮಾನ: ದೇಹಕ್ಕೆ ಪ್ರೋಟೀನ್ ಬೇಕು ಎಂಬುದು ನಿಜ. ಅದು ನೇರವಾಗಿ ‘ಕೋಶದ ಗೋಡೆ’ ಸೇರುತ್ತದೆ ಎಂಬುದು ಸುಳ್ಳು. ವೈದ್ಯರು ಕೊಟ್ಟ ಕೊಲೆಸ್ಟರಾಲ್ ಮಾತ್ರೆಯನ್ನು ಇಂಥ ಸಂದೇಶ ನಂಬಿ ಬಿಡಬೇಡಿ.