ಮನೆಯ ವೈ-ಫೈ: ಉಪಕರಣಕ್ಕಿಂತ ಸ್ಥಳ ಮುಖ್ಯ

ಹಿಂದೆ ವ್ಯಾಪಾರಿಯು ಅಂಗಡಿಯ ಬಾಗಿಲು ಹಾಕಿ, ಕೀರ್ದಿ ಖಾತೆಗಳನ್ನು ಕಟ್ಟಿಟ್ಟನೆಂದರೆ ಅಂದಿನ ವ್ಯವಹಾರ ಮುಗಿದಂತೆಯೇ ಆಗಿತ್ತು. ಇಂದು ಆ ಸ್ಥಿತಿ ಇಲ್ಲ. 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ ಕಡ್ಡಾಯವಾಯಿತು. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿಗಳನ್ನು ಮೀರಿದವರೂ ಇ-ಇನ್‌ವಾಯ್ಸ್ ವ್ಯವಸ್ಥೆಗೆ ಒಳಪಟ್ಟರು. ಬ್ಯಾಂಕ್ ವ್ಯವಹಾರ, ತೆರಿಗೆ ವಿವರಪಟ್ಟಿ, ಬೇಡಿಕೆ ಪತ್ರ ಎಲ್ಲವೂ ಅಂತರಜಾಲದ ಮೂಲಕವೇ ನಡೆಯುತ್ತಿರುವುದರಿಂದ ನಮ್ಮಂತಹ ಸಣ್ಣ ಉದ್ದಿಮೆದಾರರ ಮನೆಯ ಒಂದು ಕೋಣೆ ಕಚೇರಿಯಾಗಿ ಮಾರ್ಪಟ್ಟಿದೆ. ಆದರೆ ಆ ಕೋಣೆಗೆ ವೈ-ಫೈ ಸಂಪರ್ಕ ಸರಿಯಾಗಿ ತಲುಪುತ್ತಿದೆಯೇ ಎಂಬ ಬಗ್ಗೆ ನಾವು ಗಮನ ಹರಿಸಿದ್ದು ಕಡಿಮೆ.

ಈ ಮಾತನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ನಮ್ಮದು ಹುಬ್ಬಳ್ಳಿಯ ಹಳೆಯ ಕಲ್ಲು-ಮಣ್ಣಿನ ಮನೆ. ಗೋಡೆಗಳು ಎರಡು ಅಡಿ ದಪ್ಪ. ರೂಟರ್ ಇರುವುದು ಪಡಸಾಲೆಯಲ್ಲಿ, ಲೆಕ್ಕಪತ್ರದ ಕೋಣೆ ಹಿತ್ತಲ ಕಡೆಗೆ. ಒಂದು ಸಂಜೆ ಕಾರ್ಖಾನೆಯಲ್ಲಿ ಮಾಲು ತುಂಬಿದ ಲಾರಿ ಹೊರಡಲು ಸಿದ್ಧವಾಗಿತ್ತು. ಗುಮಾಸ್ತರು ಮನೆಗೆ ಹೋಗಿದ್ದರು. ಇ-ವೇ ಬಿಲ್ ತೆಗೆಯಲು ನಾನು ಕುಳಿತರೆ ಪುಟವೇ ತೆರೆಯಲಿಲ್ಲ. ಬಿಲ್ ಇಲ್ಲದೆ ಲಾರಿ ಬಿಟ್ಟು ದಾರಿಯಲ್ಲಿ ಸಿಕ್ಕಿಬಿದ್ದರೆ ತೆರಿಗೆಯ ಎರಡರಷ್ಟು ದಂಡ ತೆರಬೇಕಾದೀತು. ಒಂದೂವರೆ ಗಂಟೆ ಲಾರಿಯನ್ನು ನಿಲ್ಲಿಸಿಕೊಂಡು, ಕಡೆಗೆ ಮೊಬೈಲ್ ಹಿಡಿದು ಬೀದಿಬಾಗಿಲಿಗೆ ಬಂದು ಬಿಲ್ ಪಡೆಯಬೇಕಾಯಿತು.

ಮರುದಿನವೇ ಒಂದು ರೇಂಜ್ ಎಕ್ಸ್‌ಟೆಂಡರ್ ಕೊಂಡು ತಂದು, ಸಂಪರ್ಕ ಸಿಗದ ಆ ಕೋಣೆಯಲ್ಲಿಯೇ ಪ್ಲಗ್ಗಿಗೆ ಸಿಕ್ಕಿಸಿದೆ. ಮೊಬೈಲಿನಲ್ಲಿ ಸಿಗ್ನಲ್ ಗೆರೆಗಳೆಲ್ಲ ತುಂಬಿ ಕಂಡವು. ಪುಟ ಮಾತ್ರ ಮೊದಲಿನಂತೆಯೇ ನಿಂತಿತು! ಅನೇಕ ಸದಸ್ಯ ಬಾಂಧವರು ಮಾಡುತ್ತಿರುವ ತಪ್ಪೂ ಇದೇ ಆಗಿರುವುದರಿಂದ ಇದನ್ನು ಸ್ವಲ್ಪ ವಿವರಿಸುವುದು ಉಚಿತ.

ಎಕ್ಸ್‌ಟೆಂಡರ್ ಎಂಬುದು ಉಪವಿತರಕನಿದ್ದಂತೆ. ಅದು ಸ್ವತಃ ಏನನ್ನೂ ಉತ್ಪಾದಿಸುವುದಿಲ್ಲ. ತನಗೆ ಬಂದ ಮಾಲನ್ನಷ್ಟೇ ಮುಂದಕ್ಕೆ ಕಳುಹಿಸಬಲ್ಲದು. ಅದಕ್ಕೇ ಮಾಲು ಬಾರದ ಕಡೆ ಅಂಗಡಿ ತೆರೆದರೆ ಗಿರಾಕಿಗೆ ಕೊಡುವುದೇನನ್ನು? ಮೊಬೈಲಿನ ಗೆರೆಗಳು ಎಕ್ಸ್‌ಟೆಂಡರ್‌ಗೂ ಮೊಬೈಲಿಗೂ ನಡುವಿನ ಅಂತರವನ್ನು ತಿಳಿಸುತ್ತವೆಯೇ ಹೊರತು, ಎಕ್ಸ್‌ಟೆಂಡರ್‌ಗೆ ರೂಟರ್‌ನಿಂದ ಎಷ್ಟು ದೊರೆಯುತ್ತಿದೆ ಎಂಬುದನ್ನಲ್ಲ. ಇದಲ್ಲದೆ, ಒಂದೇ ತರಂಗಪಟ್ಟಿಯಲ್ಲಿ ಕೆಲಸ ಮಾಡುವ ಅಗ್ಗದ ಉಪಕರಣವು ಒಂದೇ ಗಾಡಿಯಲ್ಲಿ ಮಾಲು ತರುವುದನ್ನೂ ಹಂಚುವುದನ್ನೂ ಮಾಡಬೇಕಾದ್ದರಿಂದ ವೇಗವು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎರಡು ತರಂಗಪಟ್ಟಿಗಳಿರುವ ಉಪಕರಣಕ್ಕೆ ಕೊಂಚ ಹೆಚ್ಚು ಹಣ ತೆತ್ತರೂ ನಷ್ಟವಿಲ್ಲ. 2.4 ಗಿಗಾಹರ್ಟ್ಸ್ ತರಂಗವು ಗೋಡೆಗಳನ್ನು ದಾಟಿ ದೂರ ಹೋಗುತ್ತದೆ, ಆದರೆ ಅಕ್ಕಪಕ್ಕದ ಮನೆಗಳವರೆಲ್ಲ ಅದನ್ನೇ ಬಳಸುವುದರಿಂದ ಸಂತೆಯಂತಹ ದಟ್ಟಣೆ. 5 ಗಿಗಾಹರ್ಟ್ಸ್ ವೇಗವುಳ್ಳದ್ದು, ಆದರೆ ದಪ್ಪ ಗೋಡೆಗೆ ಬೇಗನೆ ಸೋಲುತ್ತದೆ.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ರೂಟರ್‌ನ್ನೇ ಮನೆಯ ನಡುವಿಗೆ, ಎತ್ತರಕ್ಕೆ, ಉಕ್ಕಿನ ಬೀರು ಹಾಗೂ ನೀರಿನ ತೊಟ್ಟಿಯಿಂದ ದೂರಕ್ಕೆ ಸರಿಸಿ ನೋಡಬೇಕು. ಇದಕ್ಕೆ ಖರ್ಚು ಅತ್ಯಲ್ಪ. ಅದರಿಂದ ಆಗದಿದ್ದರೆ ಎಕ್ಸ್‌ಟೆಂಡರ್ ತಂದು, ರೂಟರ್ ಇರುವ ಕೋಣೆಯಲ್ಲಿಯೇ ಎರಡನ್ನೂ ಜೋಡಿಸಿಕೊಳ್ಳಬೇಕು. ಅನಂತರ ಅದನ್ನು ರೂಟರ್‌ಗೂ ಕಚೇರಿ ಕೋಣೆಗೂ ಸರಿಸುಮಾರು ನಡುವೆ, ಸಂಪರ್ಕ ಇನ್ನೂ ಚೆನ್ನಾಗಿರುವ ಜಾಗದಲ್ಲಿ ಇಡಬೇಕು. ನಮ್ಮ ಮನೆಯಲ್ಲಿ ಅದು ನಡುಮನೆಯ ಬಾಗಿಲ ಪಕ್ಕಕ್ಕೆ ಬಂದ ಮೇಲೆಯೇ ಕೆಲಸ ಸುಗಮವಾಯಿತು. ವಿದ್ಯುತ್ ಹೋದಾಗ ರೂಟರ್‌ಗೆ ಮಾತ್ರ ಯುಪಿಎಸ್ ಇದ್ದು ಎಕ್ಸ್‌ಟೆಂಡರ್‌ಗೆ ಇಲ್ಲದಿದ್ದರೆ ಪ್ರಯೋಜನವಾಗದು ಎಂಬುದೂ ನೆನಪಿರಲಿ.

ಭದ್ರತೆಯ ವಿಷಯದಲ್ಲಿ ನಮ್ಮ ಉದಾಸೀನ ಆತಂಕಕಾರಿಯಾದುದು. ನಗದು ಪೆಟ್ಟಿಗೆಯ ಬೀಗದ ಕೈಯನ್ನು ಯಾರಿಗೂ ಕೊಡದ ನಾವು, ಮನೆಗೆ ಬಂದ ನೆಂಟರಿಗೂ ಬಾಡಿಗೆದಾರರಿಗೂ ವೈ-ಫೈ ಗುಪ್ತಪದವನ್ನು ಧಾರಾಳವಾಗಿ ಹೇಳುತ್ತೇವೆ. ಬ್ಯಾಂಕ್ ಖಾತೆ ನಡೆಯುವುದೂ ಅದೇ ಜಾಲದಲ್ಲಿ! ಉಪಕರಣದೊಡನೆ ಬಂದ ಮೂಲ ಗುಪ್ತಪದವನ್ನು ಮೊದಲ ದಿನವೇ ಬದಲಾಯಿಸಬೇಕು. ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ರಕ್ಷಣೆಯನ್ನೇ ಆರಿಸಬೇಕು. ಅತಿಥಿಗಳಿಗೆಂದು ಬೇರೆ ಜಾಲವನ್ನು ತೆರೆಯುವ ಅನುಕೂಲ ಇಂದಿನ ಬಹುತೇಕ ರೂಟರ್‌ಗಳಲ್ಲಿದೆ.

ಇಷ್ಟೆಲ್ಲ ಹೇಳಿಯೂ ನನ್ನ ಅಭಿಪ್ರಾಯವೇನೆಂದರೆ, ನಿಶ್ಚಿತವಾಗಿ ನಡೆಯಲೇಬೇಕಾದ ಕೆಲಸಕ್ಕೆ ತಂತಿಗೆ ಸಮನಾದುದಿಲ್ಲ. ಒಳ್ಳೆಯ ತಾಮ್ರದ ಈಥರ್ನೆಟ್ ಕೇಬಲ್ 100 ಮೀಟರ್‌ವರೆಗೆ ವೇಗವನ್ನು ಕುಂದಿಸದೆ ಒಯ್ಯುತ್ತದೆ. ಗೋಡೆ ಎಷ್ಟೇ ದಪ್ಪವಿದ್ದರೂ ಒಂದು ಸಣ್ಣ ರಂಧ್ರ ಸಾಕು. ಅನೇಕ ಎಕ್ಸ್‌ಟೆಂಡರ್‌ಗಳಿಗೆ ಈ ಕೇಬಲನ್ನು ನೇರವಾಗಿ ಜೋಡಿಸಬಹುದು. ಆಗ ಅದನ್ನು ಕಚೇರಿ ಕೋಣೆಯಲ್ಲಿಯೇ ಇಡಬಹುದು, ವೇಗ ಅರ್ಧವಾಗುವ ತೊಂದರೆಯೂ ಇರುವುದಿಲ್ಲ. ಹೊಸದಾಗಿ ಮನೆ, ಗೋದಾಮು ಅಥವಾ ಶೆಡ್ ಕಟ್ಟಿಸುವವರು ವಿದ್ಯುತ್ ಪೈಪು ಹಾಕಿಸುವಾಗಲೇ ಈ ಕೇಬಲಿಗಾಗಿ ಪ್ರತ್ಯೇಕ ಪೈಪೊಂದನ್ನು ಹಾಕಿಸಿಕೊಳ್ಳುವುದು ಜಾಣತನ. ಗಿಲಾವು ಮುಗಿದ ಮೇಲೆ ಗೋಡೆ ಕೊರೆಸುವ ಖರ್ಚಿಗೆ ಹೋಲಿಸಿದರೆ ಆ ಪೈಪಿನ ಬೆಲೆ ಏನೇನೂ ಅಲ್ಲ.

ಯಂತ್ರ ಕೊಳ್ಳುವಾಗ ಅಡಿಪಾಯ, ವಿದ್ಯುತ್ ಭಾರ, ನೆಲದ ಮಟ್ಟ ಎಲ್ಲವನ್ನೂ ವಿಚಾರಿಸುವ ನಾವು ಸಂಪರ್ಕ ವ್ಯವಸ್ಥೆಯನ್ನು ಮಾತ್ರ ಮಕ್ಕಳ ಆಟದ ಸಾಮಾನಿನಂತೆ ಕಾಣುತ್ತಿರುವುದು ಸರಿಯಲ್ಲ. ಅದೂ ಈಗ ನಮ್ಮ ಉದ್ದಿಮೆಯ ಒಂದು ಯಂತ್ರವೇ. ನಮ್ಮ ಸಂಸ್ಥೆಯು ಸದಸ್ಯರಿಗೂ ಸ್ಥಳೀಯ ಎಲೆಕ್ಟ್ರಿಷಿಯನ್ನರಿಗೂ ಸೇರಿಸಿ ಈ ಕುರಿತು ಒಂದು ದಿನದ ತರಬೇತಿ ಶಿಬಿರವನ್ನು ಏರ್ಪಡಿಸುವುದಾದರೆ ಬಹಳ ಉಪಯುಕ್ತವಾದೀತು. ಪದಾಧಿಕಾರಿಗಳು ಈ ಬಗ್ಗೆ ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ. ಅಲ್ಲಿಯವರೆಗೆ, ಎಕ್ಸ್‌ಟೆಂಡರ್ ಕೊಂಡು ಬೇಸತ್ತಿರುವ ಸದಸ್ಯರು ಇಂದು ರಾತ್ರಿಯೇ ಅದನ್ನು ಕಿತ್ತು ರೂಟರ್ ಕಡೆಗೆ ಹತ್ತು ಹೆಜ್ಜೆ ಸರಿಸಿ ನೋಡಲಿ.